ಗೇಮ್ ಮಾಡುವವರ ಹೆಸರು ಹುಡುಕಿಕೊಂಡು

ಗೇಮ್ ಪ್ರಶಸ್ತಿ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಿಂದ ಯೂಟ್ಯೂಬ್‌ನಲ್ಲಿ ಬರುವ ‘ದಿ ಗೇಮ್ ಅವಾರ್ಡ್ಸ್’. ಜೆಫ್ ಕೀಲಿ 2014ರಲ್ಲಿ ಶುರು ಮಾಡಿದ ಆ ಕಾರ್ಯಕ್ರಮವನ್ನು ಬೆಂಗಳೂರಿನಲ್ಲಿ ಕೂತು ಬೆಳಗಿನ ಕಾಫಿಯ ಜೊತೆ ನೋಡುವುದು ನಮ್ಮ ಗೇಮ್ ಮಂದಿಗೆ ರೂಢಿ. ಆದರೆ 2023ರ ಕಾರ್ಯಕ್ರಮ ನನ್ನನ್ನು ನೋಯಿಸಿತು. ‘ಬಾಲ್ಡರ್ಸ್ ಗೇಟ್ 3’ ವರ್ಷದ ಗೇಮ್ ಆಯಿತು. ಅದನ್ನು ಮಾಡಿದ ಲೇರಿಯನ್ ಸ್ಟುಡಿಯೋದ ಸ್ವೆನ್ ವಿಂಕೆ ಕವಚ ತೊಟ್ಟುಕೊಂಡೇ ವೇದಿಕೆ ಹತ್ತಿ, ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದ ತಮ್ಮ ತಂಡದ ಅನಿಮೇಟರ್ ಒಬ್ಬರನ್ನು ನೆನೆದರು. ಅವರ ಎದುರಿನ ಪರದೆಯಲ್ಲಿ ‘ದಯವಿಟ್ಟು ಬೇಗ ಮುಗಿಸಿ’ ಎಂಬ ಸೂಚನೆ. ಮೂರು ಗಂಟೆಗೂ ಮೀರಿ ನಡೆದ ಸಮಾರಂಭದಲ್ಲಿ ಹೊಸ ಗೇಮ್‌ಗಳ ಟ್ರೇಲರ್‌ಗೆ ಬೇಕಾದಷ್ಟು ಹೊತ್ತಿತ್ತು, ಗೆದ್ದವರ ಮಾತಿಗೆ ಅರ್ಧ ನಿಮಿಷ. ಆ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಗೇಮ್ ಕೆಲಸಗಾರರು ಕೆಲಸ ಕಳೆದುಕೊಂಡಿದ್ದರು. ಅವರ ಬಗ್ಗೆ ವೇದಿಕೆಯಿಂದ ಒಂದು ಮಾತೂ ಕೇಳಲಿಲ್ಲವೆಂದು ಅನೇಕರು ನೊಂದುಕೊಂಡರು.

ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಹೊರದೇಶದ ಗೇಮ್‌ಗಳಿಗೆ ತ್ರೀಡಿ ಮಾಡೆಲ್ ಮಾಡುವವನು. ಗೇಮ್ ಮಾಡುವವರೇ ಗೇಮ್ ಮಾಡುವವರಿಗೆ ಕೊಡುವ ಪ್ರಶಸ್ತಿಯೊಂದಿದೆ, ಅದನ್ನು ಕಣ್ಣಾರೆ ನೋಡಬೇಕು ಅಂತ ಆಗಲೇ ತೀರ್ಮಾನಿಸಿದೆ. ಪ್ರತಿ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುವ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್, ಅಂದರೆ ಜಿಡಿಸಿ, ಅದಕ್ಕೆ ಜಾಗ. ಅಕ್ಕ-ಭಾವ ಅಲ್ಲಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರದ ಸನ್ನಿವೇಲ್‌ನಲ್ಲೇ ಇದ್ದಾರೆ, ಉಳಿದುಕೊಳ್ಳುವ ಚಿಂತೆಯೂ ಇರಲಿಲ್ಲ.

ಸನ್ನಿವೇಲ್ ಅಂದರೆ ನಮ್ಮವರಿಗೆ ಐಟಿ, ದೇವಸ್ಥಾನ, ದೋಸೆ ಹೋಟೆಲ್. ಗೇಮ್ ಮಂದಿಗೆ ಅದು ಹಳೆಯ ವಿಡಿಯೋ ಗೇಮ್ ಕಂಪನಿ ಅಟಾರಿಯ ಊರು. 2024ರ ಮಾರ್ಚ್‌ನಲ್ಲಿ ನಾನು ಹೋಗಿ ಇಳಿದ ಮರುದಿನವೇ ಭಾವ ಎಲ್ ಕಮೀನೋ ರಿಯಾಲ್ ರಸ್ತೆಗೆ ಕಾರು ತಿರುಗಿಸಿದರು. ಅಲ್ಲಿ ‘ರೂಸ್ಟರ್ ಟಿ. ಫೆದರ್ಸ್’ ಎಂಬ ಕಾಮಿಡಿ ಕ್ಲಬ್ ಇದೆ. 1972ರಲ್ಲಿ ಅದು ‘ಆ್ಯಂಡಿ ಕ್ಯಾಪ್ಸ್’ ಎಂಬ ಬಾರ್. ಅಟಾರಿಯ ಎಂಜಿನಿಯರ್ ಆ್ಯಲನ್ ಆಲ್ಕಾರ್ನ್ ಕಟ್ಟಿದ, ನಾಣ್ಯ ಹಾಕಿ ಆಡುವ ಮೊದಲ ‘ಪಾಂಗ್’ ಗೇಮ್ ಯಂತ್ರವನ್ನು ತಂದು ನಿಲ್ಲಿಸಿದ್ದು ಇದೇ ಜಾಗದಲ್ಲಿ. ಯಂತ್ರ ಕೆಟ್ಟಿದೆ ಅಂತ ಬಾರ್‌ನವರು ಕರೆದರು. ಆಲ್ಕಾರ್ನ್ ಬಂದು ತೆರೆದು ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕಿ ಯಂತ್ರ ನಿಂತಿತ್ತು. “ಇಷ್ಟು ವರ್ಷ ಇದೇ ರಸ್ತೆಯಲ್ಲಿ ಆಫೀಸಿಗೆ ಹೋಗಿದ್ದೀನಿ, ಯಾರೂ ಹೇಳಲಿಲ್ಲ ನೋಡಪ್ಪ” ಅಂದರು ಭಾವ.

ನನ್ನನ್ನು ಅಟಾರಿಯತ್ತ ಎಳೆದದ್ದು ಇನ್ನೊಂದು ಕಥೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಟಾರಿ ತನ್ನ ಕ್ಯಾಸೆಟ್‌ಗಳ ಮೇಲೆ ಗೇಮ್ ಮಾಡಿದವರ ಹೆಸರು ಹಾಕುತ್ತಿರಲಿಲ್ಲ. ಆಗ ಒಂದು ಗೇಮ್ ಅಂದರೆ ಒಬ್ಬನೇ ಮನುಷ್ಯನ ಕೆಲಸ. ಕೋಡ್, ಚಿತ್ರ, ಸದ್ದು ಎಲ್ಲವೂ ಅವನದೇ. ವಾರನ್ ರಾಬಿನೆಟ್ ‘ಅಡ್ವೆಂಚರ್’ ಮಾಡುವಾಗ ಯಾರಿಗೂ ಹೇಳದೆ ಅದರೊಳಗೊಂದು ಗುಪ್ತ ಕೋಣೆ ಕಟ್ಟಿದರು. ಗೋಡೆಯ ಬಣ್ಣದಲ್ಲೇ ಬೆರೆತುಹೋಗುವ ಒಂದು ಚುಕ್ಕಿಯನ್ನು ಹುಡುಕಿ ಎತ್ತಿಕೊಂಡು ಸರಿಯಾದ ಗೋಡೆಯ ಹತ್ತಿರ ಹೋದರೆ ದಾರಿ ತೆರೆಯುತ್ತದೆ. ಒಳಗೆ ಬಣ್ಣ ಬಣ್ಣವಾಗಿ ಮಿನುಗುವ ಅಕ್ಷರಗಳಲ್ಲಿ ಇದನ್ನು ಮಾಡಿದವನು ವಾರನ್ ರಾಬಿನೆಟ್ ಎಂದು ಬರೆದಿದೆ. ಇಡೀ ಗೇಮ್‌ಗೆ ಇದ್ದ ಜಾಗ 4 ಕಿಲೋಬೈಟ್. ಅಷ್ಟರಲ್ಲೇ ತನ್ನ ಹೆಸರಿಗೊಂದು ಮೂಲೆ ಮಾಡಿಕೊಂಡ ಮನುಷ್ಯ. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬ ಅದನ್ನು ಪತ್ತೆಹಚ್ಚಿ ಕಂಪನಿಗೆ ಕಾಗದ ಬರೆದಾಗಲೇ ವಿಷಯ ಹೊರಬಿದ್ದದ್ದು. ಅಷ್ಟರಲ್ಲಿ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. 1979ರಲ್ಲೇ ಡೇವಿಡ್ ಕ್ರೇನ್, ಆ್ಯಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಾಪ್ಲನ್ ಎಂಬ ನಾಲ್ವರು ಅಟಾರಿಯ ಪ್ರೋಗ್ರಾಮರ್‌ಗಳು ಹಣ, ಹೆಸರು ಎರಡೂ ಸಿಗುತ್ತಿಲ್ಲವೆಂದು ಹೊರಬಂದು ಆಕ್ಟಿವಿಷನ್ ಕಟ್ಟಿದರು. ಅವರು ಗೇಮ್‌ನ ಜೊತೆ ಮಾಡಿದವರ ಹೆಸರು ಅಚ್ಚು ಹಾಕಿದರು. ಇವತ್ತು ಯಾವ ವೇದಿಕೆಯಲ್ಲಿ ಯಾವ ಗೇಮ್ ಡಿಸೈನರ್ ನಿಂತರೂ ಅವರ ಹಿಂದೆ ಆ ಜಗಳ ಇದೆ ಅಂತ ನನ್ನ ನಂಬಿಕೆ.

ಸೋಮವಾರ ಕ್ಯಾಲ್‌ಟ್ರೇನ್ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆ. ಸ್ಟೇಷನ್‌ನಿಂದ ಫೋರ್ತ್ ಸ್ಟ್ರೀಟ್‌ನಲ್ಲಿ ನೇರ ನಡೆದರೆ ಜಿಡಿಸಿ ನಡೆಯುವ ಮಾಸ್ಕೋನಿ ಸೆಂಟರ್. ದೊಡ್ಡ ಹಾಲ್‌ಗಳೆಲ್ಲ ನೆಲದ ಕೆಳಗೆ. ಮೇಲೆ ಹೋವರ್ಡ್ ಸ್ಟ್ರೀಟ್‌ನ ಗಾಡಿಗಳು ಓಡುತ್ತಿರುತ್ತವೆ. 1988ರಲ್ಲಿ ಗೇಮ್ ಡಿಸೈನರ್ ಕ್ರಿಸ್ ಕ್ರಾಫರ್ಡ್ ಸ್ಯಾನ್ ಹೊಸೆಯ ತಮ್ಮ ಮನೆಯಲ್ಲಿ ಇಪ್ಪತ್ತು ಚಿಲ್ಲರೆ ಜನರನ್ನು ಕೂರಿಸಿಕೊಂಡು ಶುರು ಮಾಡಿದ ಕೂಟವೇ ಈ ಜಿಡಿಸಿ. 2024ರಲ್ಲಿ ಬಂದವರು ಸುಮಾರು 30,000.

ಭಾಷಣಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಐಜಿಎಫ್, ಅಂದರೆ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅಂಗಳ. ಅಂತಿಮ ಸುತ್ತಿಗೆ ಬಂದ ಸಣ್ಣ ಗೇಮ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಯಾರು ಬೇಕಾದರೂ ಕೂತು ಆಡಬಹುದು. ಮಾಡಿದವರು ಬಹಳ ಸಲ ಅಲ್ಲೇ ಬೆನ್ನ ಹಿಂದೆ ನಿಂತಿರುತ್ತಾರೆ. ಆಡುವವನು ಎಲ್ಲಿ ತಡವರಿಸುತ್ತಾನೆ, ಎಲ್ಲಿ ನಗುತ್ತಾನೆ ಅಂತ ಅವರ ಕಣ್ಣು ಆಟಗಾರನ ಕೈ ಮೇಲೇ. ಒಬ್ಬಾಕೆ ನಾನು ಆಡಿ ಎದ್ದ ಕೂಡಲೇ ಪುಟ್ಟ ನೋಟ್‌ಬುಕ್ ತೆಗೆದು ಏನೋ ಗೀಚಿಕೊಂಡರು. ವರ್ಷಗಟ್ಟಲೆ ಮಾಡಿದ ಕೆಲಸ ಅಂತಿಮ ಸುತ್ತಿಗೆ ಬಂದ ಮೇಲೂ ತಿದ್ದುವ ಆಸೆ ಬಿಟ್ಟಿಲ್ಲ.

ಐಜಿಎಫ್‌ನ ದೊಡ್ಡ ಪ್ರಶಸ್ತಿಗೆ ಷೇಮಸ್ ಮೆಕ್‌ನಾಲಿ ಎಂಬ ಕೆನಡಾದ ಹುಡುಗನ ಹೆಸರಿದೆ. 2000ದ ಮಾರ್ಚ್‌ನಲ್ಲಿ ‘ಟ್ರೆಡ್ ಮಾರ್ಕ್ಸ್’ ಎಂಬ ಟ್ಯಾಂಕ್ ಗೇಮ್‌ಗೆ ಅವನು ಇದೇ ಪ್ರಶಸ್ತಿ ಗೆದ್ದ. ದುಗ್ಧಗ್ರಂಥಿಯ ಕ್ಯಾನ್ಸರ್ ಇತ್ತು, ಪ್ರಶಸ್ತಿ ಬಂದ ಕೆಲವೇ ದಿನಕ್ಕೆ ತೀರಿಕೊಂಡ. ವಯಸ್ಸು 21. ಪ್ರಾಯೋಜಕನ ಹೆಸರು ಹಾಕಬಹುದಾಗಿದ್ದ ಜಾಗದಲ್ಲಿ ಒಬ್ಬ ಪ್ರೋಗ್ರಾಮರ್‌ನ ಹೆಸರನ್ನು ಅಷ್ಟು ವರ್ಷ ಉಳಿಸಿಕೊಂಡು ಬಂದದ್ದಕ್ಕೆ ಆ ಮಂದಿಗೆ ಕೈಮುಗಿಯಬೇಕು ಅನ್ನಿಸಿತು.

ಮಾರ್ಚ್ 20ರ ಬುಧವಾರ ಸಂಜೆ ಸಮಾರಂಭ. ಮೊದಲು ಐಜಿಎಫ್, ಅದರ ಬೆನ್ನಿಗೇ ಗೇಮ್ ಡೆವಲಪರ್ಸ್ ಚಾಯ್ಸ್ ಅವಾರ್ಡ್ಸ್. ಲಾಸ್ ಏಂಜಲೀಸ್‌ನ ಪ್ರಶಸ್ತಿಯಲ್ಲಿ ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮತಕ್ಕೆ ಶೇ. 90, ಅಭಿಮಾನಿಗಳ ಮತಕ್ಕೆ ಶೇ. 10 ತೂಕ. ಇಲ್ಲಿ ಆರಿಸುವವರು ಇದೇ ಕಸುಬಿನವರು. ಹಾಗಾಗಿ ಚಪ್ಪಾಳೆಯೇ ಬೇರೆ ಥರ. ಯಾವ ಕೆಲಸ ಎಷ್ಟು ಕಷ್ಟ ಅಂತ ಗೊತ್ತಿದ್ದವರು ತಟ್ಟುವ ಚಪ್ಪಾಳೆ ಅದು. ಸಂಗೀತ ಸಂಯೋಜಕಿ ಯೋಕೊ ಶಿಮೊಮುರಾ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಬಂದಾಗ ನನಗೆ ಮೈ ಜುಮ್ಮೆಂದಿತು. ‘ಸ್ಟ್ರೀಟ್ ಫೈಟರ್ 2’ರ ಸಂಗೀತದಲ್ಲಿ ಬಹುಪಾಲು ಅವರದು. ನಾನು ಚಿಕ್ಕವನಿದ್ದಾಗ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ರೂಪಾಯಿ ಕೊಟ್ಟು ನಿಂತು ಕೇಳಿದ ಆ ಟ್ಯೂನ್‌ಗೆ ಒಬ್ಬ ಒಡತಿ ಇದ್ದಾರೆ ಅಂತ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಐಜಿಎಫ್‌ನ ದೊಡ್ಡ ಪ್ರಶಸ್ತಿ ಆ ರಾತ್ರಿ ‘ವೆಣ್ಬಾ’ಕ್ಕೆ ಬಂತು. ಟೊರಾಂಟೊದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ ಮಾಡಿದ್ದು. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟುವ ಮಗ, ಅಮ್ಮನ ಹರಿದ ಅಡುಗೆ ಪುಸ್ತಕ, ಇಷ್ಟೇ ಕಥೆ. ಚಾಯ್ಸ್ ಅವಾರ್ಡ್ಸ್‌ನಲ್ಲೂ ಚೊಚ್ಚಲ ಗೇಮ್‌ನ ಪ್ರಶಸ್ತಿ ಅದಕ್ಕೇ. ವರ್ಷದ ಗೇಮ್ ಇಲ್ಲೂ ‘ಬಾಲ್ಡರ್ಸ್ ಗೇಟ್ 3’. ನೂರಾರು ಜನ ಸೇರಿ ಮಾಡಿದ ಗೇಮ್, ಬೆರಳೆಣಿಕೆಯ ಜನ ಮಾಡಿದ ಗೇಮ್ ಎರಡನ್ನೂ ಒಂದೇ ಸಭೆ ಎದ್ದು ನಿಂತು ಮೆಚ್ಚಿದ್ದು ನೋಡಿ ಡಿಸೆಂಬರ್‌ನ ಬೇಜಾರು ಇಳಿಯಿತು.

ಮನೆಗೆ ಬಂದವನೇ ಅಕ್ಕನ ಕೈಗೆ ಕಂಟ್ರೋಲರ್ ಕೊಟ್ಟೆ. ‘ವೆಣ್ಬಾ’ದ ಮೊದಲ ಒಗಟೇ ಇಡ್ಲಿ. ಪುಸ್ತಕದ ಪುಟ ಹಾಳಾಗಿದೆ, ತಟ್ಟೆಗಳನ್ನು ಯಾವ ಕ್ರಮದಲ್ಲಿ ಪೇರಿಸಬೇಕು ಅಂತ ನಾವೇ ಊಹಿಸಬೇಕು. ಅಕ್ಕ ಗೇಮ್ ಆಡಿದವಳೇ ಅಲ್ಲ. ಪರದೆ ನೋಡಿದ್ದೇ, “ಇದೇನೋ ಒಗಟು? ಇಡ್ಲಿ ಮೇಲೆ ಇಡ್ಲಿ ಕೂರಬಾರದು, ತೂತು ಬರಬೇಕು. ಇಲ್ಲಾಂದ್ರೆ ಆವಿ ಹೇಗೆ ಹೋಗುತ್ತೆ? ಅಮ್ಮ ಬೈತಿರಲಿಲ್ವಾ?” ಅಂದಳು. ತಟ್ಟೆ ತಿರುಗಿಸಿ ಇಟ್ಟಳು, ಇಡ್ಲಿ ಬೆಂದಿತು. ಇದನ್ನು ಮಾಡಿದ ಕೈ ಇಡ್ಲಿ ಪಾತ್ರೆ ಹಿಡಿದ ಕೈ ಅಂತ ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅದಕ್ಕಿಂತ ದೊಡ್ಡ ಮೆಚ್ಚುಗೆ ಆ ತಂಡಕ್ಕೆ ಇರಲಾರದು.

ಗುರುವಾರ ಮಧ್ಯಾಹ್ನ ಕಂಡದ್ದು ಬೇರೆಯೇ. ಮಾಸ್ಕೋನಿಯ ಪಕ್ಕದ ಯೆರ್ಬಾ ಬುಯೆನಾ ಉದ್ಯಾನದಲ್ಲಿ ಗೇಮ್ ಕೆಲಸಗಾರರು ಗುಂಪಾಗಿ ಸೇರಿ ಆಕಾಶ ನೋಡಿ ಕಿರುಚಿದರು. ಘೋಷಣೆಯಲ್ಲ, ಬರೀ ಕಿರುಚಾಟ. ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು, ಫೆಬ್ರವರಿಯಲ್ಲಿ ಸೋನಿ ಸುಮಾರು 900 ಜನರನ್ನು ತೆಗೆಯುವುದಾಗಿ ಹೇಳಿದ್ದವು. ಹಿಂದಿನ ರಾತ್ರಿ ಪ್ರಶಸ್ತಿಗೆ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಎಷ್ಟಕ್ಕೆ ಕೆಲಸವಿತ್ತೋ. ನನ್ನ ಪಕ್ಕದಲ್ಲಿದ್ದ ನಡುವಯಸ್ಸಿನವರೊಬ್ಬರ ಬ್ಯಾಡ್ಜ್‌ನಲ್ಲಿ ಕಂಪನಿಯ ಹೆಸರಿನ ಮೇಲೆ ಬಿಳಿ ಟೇಪ್ ಅಂಟಿತ್ತು. ನಾನೂ ಕಿರುಚಿದೆ.

ಅದಾದ ಮೇಲೆ ಅಲ್ಲೇ ಹುಲ್ಲಿನ ಮೇಲೆ ಕೂತು ಮಲೇಷ್ಯಾದ ಆರ್ಟ್ ಪ್ರೊಡ್ಯೂಸರ್ ಒಬ್ಬರ ಜೊತೆ ಮಾತು ಬೆಳೆಯಿತು. ಅವರದೂ ನಮ್ಮ ಥರದ ಕೆಲಸ. ಬೆಂಗಳೂರಿಗೆ ಇದು ಹೊಸದಲ್ಲ. ರಾಜೇಶ್ ರಾವ್ 1997ರಲ್ಲಿ ಧ್ರುವ ಇಂಟರ್ಯಾಕ್ಟಿವ್ ಕಟ್ಟಿದಂದಿನಿಂದ ಇಲ್ಲಿನ ಕಲಾವಿದರು ಜಗತ್ತಿನ ದೊಡ್ಡ ಗೇಮ್‌ಗಳಿಗೆ ಕಾರು, ಕಟ್ಟಡ, ಮರ ಮಾಡುತ್ತಾ ಬಂದಿದ್ದಾರೆ. 2019ರಲ್ಲಿ ಧ್ರುವ ರಾಕ್‌ಸ್ಟಾರ್ ಕೈಗೆ ಹೋಯಿತು. ಆದರೆ ಇಂಥ ಕೆಲಸದಲ್ಲಿ ಗೇಮ್‌ನ ಕೊನೆಯಲ್ಲಿ ಎಷ್ಟೋ ಸಲ ಸ್ಟುಡಿಯೋದ ಹೆಸರಷ್ಟೇ ಒಂದು ಸಾಲಿನಲ್ಲಿ ಹೋಗುತ್ತದೆ. ನಾನು ಕಲಾಸಿಪಾಳ್ಯದ ಲಾರಿಗಳ ಫೋಟೋ ತೆಗೆದು, ತುಕ್ಕು ಎಲ್ಲಿ ಹಿಡಿಯುತ್ತದೆ, ಬಣ್ಣ ಎಲ್ಲಿ ಸವೆಯುತ್ತದೆ ಅಂತ ನೋಡಿ ಮಾಡಿದ ಒಂದು ಲಾರಿ ಪ್ರಶಸ್ತಿ ಗೆದ್ದ ಗೇಮ್‌ನಲ್ಲಿ ಓಡುತ್ತಿದೆ. ನನ್ನ ಹೆಸರು ಅದರಲ್ಲಿಲ್ಲ. ಡೆವಲಪರ್‌ಗಳ ಅಂತರರಾಷ್ಟ್ರೀಯ ಸಂಘ ಐಜಿಡಿಎ, ಕೆಲಸ ಮಾಡಿದ ಎಲ್ಲರ ಹೆಸರೂ ಬರಬೇಕು ಅಂತ ಮಾರ್ಗಸೂಚಿ ಮಾಡಿದೆ, ಆದರೆ ಯಾರೂ ಪಾಲಿಸಲೇಬೇಕು ಅಂತೇನಿಲ್ಲ. “ಕೆಲಸ ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ, ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಬರೆಸಿ” ಅಂದರು ಆಕೆ. ತಮ್ಮ ಸ್ಟುಡಿಯೋ ಬಳಸುವ ವಾಕ್ಯವನ್ನು ನನ್ನ ಫೋನ್‌ಗೆ ಕಳಿಸಿಯೂ ಕೊಟ್ಟರು.

ಬೆಂಗಳೂರಿಗೆ ಬಂದ ಮೇಲೆ ಅದನ್ನು ನಮ್ಮ ಮೇಲಿನವರ ಮುಂದಿಟ್ಟೆ. ಎರಡು ಮೀಟಿಂಗ್ ಹಿಡಿಯಿತು, ಮುಂದಿನ ಒಪ್ಪಂದಕ್ಕೆ ಆ ಸಾಲು ಸೇರಿತು: ಕೆಲಸ ಮಾಡಿದ ಪ್ರತಿಯೊಬ್ಬರ ಹೆಸರು, ಅವರು ಬರೆದುಕೊಟ್ಟ ಕಾಗುಣಿತದಲ್ಲೇ, ಅವರ ಕೆಲಸದ ಸಮೇತ. ಪಟ್ಟಿ ಟೈಪ್ ಮಾಡಿದ್ದು ನಾನೇ. ಟೆಸ್ಟಿಂಗ್‌ನವರೂ ಇದ್ದಾರೆ, ಇಂಟರ್ನ್‌ಗಳೂ ಇದ್ದಾರೆ, ಪ್ರಾಜೆಕ್ಟ್ ಅರ್ಧದಲ್ಲಿರುವಾಗ ಕೆಲಸ ಬಿಟ್ಟುಹೋದ ಇಬ್ಬರೂ ಇದ್ದಾರೆ.