ನೆರೆ ಇಳಿದ ಮೇಲೆ ಇಗರ್ಜಿಯೊಳಗೆ

ನೇತ್ರಾವತಿ ದಂಡೆಯ ಹಳಬರಿಗೆ ಬೊಳ್ಳ (ನೆರೆ) ಎಂದರೆ 1923 ಮತ್ತು 1974. ಎಪ್ಪತ್ತನಾಲ್ಕರಲ್ಲಿ ಚಿಕ್ಕ ಮಕ್ಕಳಾಗಿದ್ದವರು ಈಗ ಇಗರ್ಜಿಗಳ (ಚರ್ಚುಗಳ) ಹಿರಿಯರು. ಮತ್ತೆ ನೀರು ನುಗ್ಗಿದರೆ ಏನು ಮಾಡಬೇಕೆಂದು ಜನ ಕೇಳುವುದು ಅವರನ್ನೇ.

ಮೊದಲು ಮೈನ್ ಸ್ವಿಚ್ ಆಫ್ ಆಗಿದೆಯೇ ನೋಡಿ. ಕೆಸರಿನಲ್ಲಿ ಹಾವು ಇರುತ್ತದೆ, ಕೋಲಿನಿಂದ ಕೆದಕಿಯೇ ಕಾಲಿಡಿ. ಕೆಸರನ್ನು ಹಸಿಯಿರುವಾಗಲೇ, ನೀರು ಹೊಯ್ದು ಹೊರಗೆ ತಳ್ಳಬೇಕು. ಒಣಗಲು ಬಿಟ್ಟರೆ ಬೆಂಚಿನ ಕೆತ್ತನೆಯಲ್ಲೆಲ್ಲ ಕಚ್ಚಿಕೊಂಡು, ಕೆರೆಯುವಾಗ ಪಾಲಿಶೂ ಎದ್ದು ಬರುತ್ತದೆ.

ಇನ್ನು ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳು. ಬೆಂಚು ಹೊಸದು ಮಾಡಿಸಬಹುದು, ಇವನ್ನು ಮಾಡಿಸಲಾಗದು. 48 ಗಂಟೆ ದಾಟಿದರೆ ಬೂಷ್ಟು ಹಿಡಿಯುತ್ತದೆ. ಹಾಗೆಂದು ಅಂಗಳದ ಬಿಸಿಲಿಗೆ ಹರಡಬೇಡಿ, ಹಾಳೆ ಸುರುಟುತ್ತದೆ, ರಟ್ಟು ಸೊಟ್ಟಗಾಗುತ್ತದೆ. ಪುಸ್ತಕ ಮುಚ್ಚಿಯೇ ಹಿಡಿದು, ಅಂಚಿನ ಕೆಸರನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಫೌಂಟನ್ ಪೆನ್ನಿನ ಶಾಯಿ ಹರಡುವ ಪುಸ್ತಕವಾದರೆ ಅದೂ ಬೇಡ. ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ತಾನಾಗಿ ಬಿಡಿಸಿಕೊಳ್ಳುವ ಕಡೆ, ಹತ್ತು ಹಾಳೆಗೊಂದರಂತೆ ಅಚ್ಚಿಲ್ಲದ ಹೀರುಕಾಗದ ಇಟ್ಟು, ನೆನೆದ ಹಾಗೆಲ್ಲ ಬದಲಿಸುತ್ತ, ಫ್ಯಾನ್ ಗಾಳಿಗೆ ಒಣಗಿಸಿ. ಪುಸ್ತಕ ಬಹಳವಿದ್ದರೆ ಒಂದೊಂದನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಐಸ್‌ಕ್ರೀಮ್ ಫ್ರೀಜರಿಗೆ ಹಾಕಿ. ಅಲ್ಲಿ ಬೂಷ್ಟು ಬೆಳೆಯದು, ಆಮೇಲೆ ನಾಲ್ಕು ನಾಲ್ಕಾಗಿ ತೆಗೆದು ಒಣಗಿಸಬಹುದು.

ಮರದ್ದೆಲ್ಲ ನಿಧಾನಕ್ಕೇ ಆಗಬೇಕು. ಬೆಂಚುಗಳನ್ನು ಇಟ್ಟಿಗೆ ಮೇಲೆತ್ತಿ ನೆರಳಲ್ಲಿಡಿ. ಬಣ್ಣದ ಮರದ ಪ್ರತಿಮೆಗಳಿಗಂತೂ ಬಿಸಿಲೂ ಬೇಡ, ಉಜ್ಜುವುದೂ ಬೇಡ: ಒಳಗಿನ ಮರ ಕುಗ್ಗಿದಾಗ ಮೇಲಿನ ಬಣ್ಣ ಚಕ್ಕೆಚಕ್ಕೆಯಾಗಿ ಉದುರುತ್ತದೆ. 1966ರ ನವೆಂಬರಿನ ನೆರೆಯಲ್ಲಿ ಇಟಲಿಯ ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಇಗರ್ಜಿಯಲ್ಲಿ, ಹಳೆಯ ಕಾಲದ ಚಿತ್ರಕಾರ ಚಿಮಾಬುಯೆ ಚಿತ್ರಿಸಿದ ಮರದ ಶಿಲುಬೆ ನೆನೆದು, ಬಣ್ಣದ ಬಹುಭಾಗ ಹೋಯಿತು. ಉಳಿದದ್ದನ್ನು ಕಾಪಾಡಲು ಅದನ್ನು ಒಂದು ಕೋಣೆಯಲ್ಲಿಟ್ಟು, ಗಾಳಿಯ ತೇವವನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದರು.

ನಮ್ಮಲ್ಲಿ ದೊಡ್ಡ ತಪ್ಪಾಗುವುದು ಗೋಡೆಯ ವಿಷಯದಲ್ಲಿ. ಆಗಸ್ಟಿನಲ್ಲಿ ನೆರೆ ಬಂದರೆ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ (ಮರಿಯಮ್ಮನವರ ಹುಟ್ಟುಹಬ್ಬ), ಅಷ್ಟರೊಳಗೆ ಬಣ್ಣ ಹೊಡೆಸುವ ಆಸೆ ಎಲ್ಲರಿಗೂ. ಆದರೆ ಗೋಡೆಯ ಮುರಕಲ್ಲು (ಜಂಬಿಟ್ಟಿಗೆ) ಕುಡಿದ ನೀರು ಅಷ್ಟು ಬೇಗ ಬಿಡುವುದಿಲ್ಲ. ಎಮಲ್ಷನ್ ಬಳಿದರೆ ತೇವ ಒಳಗೇ ಉಳಿದು ಗುಳ್ಳೆ ಏಳುತ್ತದೆ. ಸಿಮೆಂಟ್ ಗಾರೆ ಮೆತ್ತಿದರೆ ತೇವ ಇನ್ನೂ ಮೇಲಕ್ಕೇರಿ ಬಿಳಿ ಉಪ್ಪು ಉಕ್ಕುತ್ತದೆ. ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಟೇಪಿನಿಂದ ನಾಲ್ಕೂ ಬದಿ ಅಂಟಿಸಿ, ಮರುದಿನ ನೋಡಿ. ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ. ಹಬ್ಬಕ್ಕೆ ತೆಳುವಾಗಿ ಸುಣ್ಣ ಬಳಿದರೆ ಸಾಕು, ಬಣ್ಣ ಮುಂದಿನ ಬೇಸಿಗೆಗೆ.