ಮಕಿನೊಹಾರಾದಲ್ಲಿ ನೆನಪಾದ ನಮ್ಮ ವರ್ಕ್‌ಶಾಪ್

ನಮ್ಮ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿ ನಾನು ಮುಂದೆ ಓದಲು ಹೋಗಿದ್ದು ಜಪಾನಿನ ಶಿಜುವೊಕಾ ವಿಶ್ವವಿದ್ಯಾಲಯಕ್ಕೆ, ಅದರ ಹಮಾಮತ್ಸು ಕ್ಯಾಂಪಸ್ಸಿಗೆ. ಅಲ್ಲಿದ್ದಾಗ ರಜೆ ಸಿಕ್ಕರೆ ಮಕಿನೊಹಾರಾದ ಒಂದು ಮನೆಗೆ ಹೋಗಿ ಉಳಿಯುತ್ತಿದ್ದೆ. ಸಗಾರಾ, ಹೈಬಾರಾ ಎಂಬ ಎರಡು ಊರು ಸೇರಿ 2005ರಲ್ಲಿ ಆದ ಪುಟ್ಟ ನಗರ ಅದು. ಒಂದು ಕಡೆ ಸಮುದ್ರ, ಮೇಲೆ ಎತ್ತರದ ಬಯಲು, ಕಣ್ಣು ಹಾಯಿಸಿದಷ್ಟೂ ಟೀ. ಅಲ್ಲೇ ಸುಜುಕಿಯ ಕಾರು ಫ್ಯಾಕ್ಟರಿಯೂ ಇದೆ.

ಈ ಬಯಲು ಮೊದಲು ಪಾಳು ಬಿದ್ದಿತ್ತಂತೆ. ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನದ ಆಳ್ವಿಕೆ ಮುಗಿದು ಕೆಲಸ ಹೋದ ಸಮುರಾಯ್ ಯೋಧರು 1869ರಲ್ಲಿ ಇಲ್ಲಿಗೆ ಬಂದು, ಕತ್ತಿ ಹಿಡಿದ ಕೈಯಲ್ಲೇ ಗುದ್ದಲಿ ಹಿಡಿದು ಟೀ ನೆಟ್ಟರು. ಪಕ್ಕದ ಓಯಿ ನದಿಗೆ ಆಗ ಸೇತುವೆ ಇರಲಿಲ್ಲ, ಜನರನ್ನು ಹೆಗಲ ಮೇಲೆ ಹೊತ್ತು ದಾಟಿಸುವವರಿದ್ದರು. 1870ರಲ್ಲಿ ಆ ಪದ್ಧತಿ ನಿಂತಾಗ ಅವರಲ್ಲೂ ಕೆಲವರು ಇದೇ ಬಯಲಿಗೆ ಬಂದರು. ಕಸುಬು ಕಳೆದುಕೊಂಡವರು ಇನ್ನೊಂದು ಕಸುಬು ಕಲಿತು ಕಟ್ಟಿದ ಊರು ಅಂತ ನನಗೆ ಇದರ ಮೇಲೆ ಇಷ್ಟೊಂದು ಪ್ರೀತಿ.

ನಾನಿದ್ದ ಮನೆಯ ಯಜಮಾನರು ವಾರವಿಡೀ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ, ರಜೆ ದಿನ ತೋಟದಲ್ಲಿ. ಮೇ ತಿಂಗಳ ಶುರುವಿನಲ್ಲಿ ಮೊದಲ ಚಿಗುರು ಕೊಯ್ಲು. ಸಾಲಿನ ಆಚೆ ಒಬ್ಬರು ಈಚೆ ಒಬ್ಬರು ನಿಂತು, ಬಾಗಿದ ಬ್ಲೇಡಿನ ಮೆಷಿನ್ ಹಿಡಿದು ನಡೆಯಬೇಕು, ಹಿಂದೆ ಕಟ್ಟಿದ ಉದ್ದನೆ ಚೀಲಕ್ಕೆ ಚಿಗುರು ಹಾರಿ ಹಾರಿ ಬೀಳುತ್ತದೆ. ಒಂದು ಕಡೆಯ ಕೈ ಸ್ವಲ್ಪ ಇಳಿದರೂ ಬಲಿತ ಎಲೆ ಸೇರಿಬಿಡುತ್ತದೆ. ಸಂಜೆ ಎಷ್ಟೇ ಸುಸ್ತಾಗಿರಲಿ, ಬ್ಲೇಡಿಗೆ ಅಂಟಿದ ಟೀ ಕಲೆ ತೊಳೆದು, ಒರೆಸಿ, ಎಣ್ಣೆ ಹಚ್ಚದೆ ಅವರು ಮನೆಯೊಳಗೆ ಬರುತ್ತಿರಲಿಲ್ಲ. ನಮ್ಮ ವರ್ಕ್‌ಶಾಪಿನ ಮೇಷ್ಟ್ರೂ ಹಾಗೇ ಅಲ್ವಾ? ಲೇತ್ ಮೆಷಿನ್ ಒರೆಸದೆ ಒಬ್ಬರನ್ನೂ ಊಟಕ್ಕೆ ಬಿಡುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಬಟ್ಟೆ ಹಿಡಿದು ನಿಂತಿದ್ದಕ್ಕೆ ಮಕಿನೊಹಾರಾದಲ್ಲಿ ನನಗೆ ಸಿಕ್ಕ ಮೆಚ್ಚುಗೆ ನಿಜವಾಗಿ ನಮ್ಮ ಮೇಷ್ಟ್ರಿಗೆ ಸೇರಬೇಕು.

ಆಮೇಲೆ ಆ ಮನೆಯ ಅಜ್ಜಿ ಟೀ ಮಾಡುತ್ತಿದ್ದರು. ಈ ಕಡೆಯ ಟೀ ಎಲೆಗೆ ಹಬೆ ಜಾಸ್ತಿ ಹೊತ್ತು ಕೊಡುತ್ತಾರೆ, ಎಲೆ ಪುಡಿಪುಡಿಯಾಗಿ ಬಣ್ಣ ದಟ್ಟ ಹಸಿರು ಬರುತ್ತದೆ, ಒಗರು ಕಡಿಮೆ. ಕುದಿವ ನೀರನ್ನು ಮೊದಲು ಲೋಟಗಳಿಗೆ ಸುರಿದು ಸ್ವಲ್ಪ ಆರಿಸಿ, ಆಮೇಲೆ ಎಲೆಗೆ ಹಾಕಬೇಕು.

ನಮ್ಮ ಕಾಲೇಜಿನಿಂದ ಆ ಕಡೆ ಹೋಗುವವರು ಮೇ ತಿಂಗಳಲ್ಲೇ ಹೋಗಿ ನೋಡಿ. ಊರಿಗೆ ರೈಲಿಲ್ಲ, ಶಿಜುವೊಕಾ ಸ್ಟೇಷನ್ನಿನಿಂದ ಸಗಾರಾ ಬಸ್ ಹಿಡಿಯಿರಿ.