ಸ್ಯಾನಟೋರಿಯಂನ ಗೆಳೆಯರು

ಬ್ರಿಟಿಷ್ ಹಾಸ್ಯ ಬರಹಗಾರರಾದ ರೇ ಗಾಲ್ಟನ್, ಅಲನ್ ಸಿಂಪ್ಸನ್ ಇಬ್ಬರಿಗೂ ಹದಿಹರೆಯದಲ್ಲೇ ಕ್ಷಯ. 1948ರಲ್ಲಿ ಇಂಗ್ಲೆಂಡಿನ ಸರ್ರೆಯ ಮಿಲ್‌ಫರ್ಡ್ ಸ್ಯಾನಟೋರಿಯಂನಲ್ಲಿ ಪರಿಚಯ. ಮಲಗಿಕೊಂಡು ರೇಡಿಯೋ ಕೇಳೋದು, ನಗೋದು. ಕೊನೆಗೆ ಆಸ್ಪತ್ರೆಯೊಳಗಿನ ರೇಡಿಯೋಗೆ ತಾವೇ ಬರೆಯೋಕೆ ಶುರು ಮಾಡಿದ್ರು.

ಆಮೇಲೆ ಹಾಸ್ಯನಟ ಟೋನಿ ಹ್ಯಾಂಕಾಕ್‌ನ ಕಾರ್ಯಕ್ರಮಕ್ಕೆ ಬರೆದ್ರು. 1954ರಲ್ಲಿ ರೇಡಿಯೋ, 1956ರಲ್ಲಿ ಟಿವಿ. ಸದಾ ಗೊಣಗುವ, ತಾನೇ ದೊಡ್ಡವನು ಅಂದುಕೊಂಡ ಸಣ್ಣ ಮನುಷ್ಯನ ಪಾತ್ರ. ಅಷ್ಟು ಹೆಸರು ಬಂದ ಮೇಲೆ 1961ರಲ್ಲಿ ಹ್ಯಾಂಕಾಕ್ ಇವರನ್ನೇ ಕೈಬಿಟ್ಟ! ಬಿಬಿಸಿ ಇವರಿಗೆ ವಾರಕ್ಕೊಂದು ಹೊಸ ಕಥೆ ಬರೀರಿ ಅಂತು. ಅದರಲ್ಲೊಂದು ಗುಜರಿ ವ್ಯಾಪಾರದ ಅಪ್ಪ-ಮಗನ ಜಗಳ. ಅದೇ ಬೆಳೆದು 'ಸ್ಟೆಪ್ಟೋ ಅಂಡ್ ಸನ್' ಅನ್ನೋ ಟಿವಿ ಹಾಸ್ಯ ಧಾರಾವಾಹಿ ಆಯ್ತು. 1962ರಿಂದ 1974ರವರೆಗೆ ನಡುನಡುವೆ ನಿಂತು ನಿಂತು ಬಂತು. (ತೆರೆಯ ಮೇಲಿನ ಅಪ್ಪ ಬ್ರಾಂಬೆಲ್‌ಗೂ ಮಗ ಕಾರ್ಬೆಟ್‌ಗೂ ನಿಜದಲ್ಲಿ 13 ವರ್ಷವಷ್ಟೇ ಅಂತರ. ನೋಡುವಾಗ ನಂಬೋಕಾಗಲ್ಲ.)

ಹ್ಯಾಂಕಾಕ್ 1968ರಲ್ಲಿ ಸಿಡ್ನಿಯಲ್ಲಿ ತೀರಿಕೊಂಡಾಗ ವಯಸ್ಸು 44. ಆ ಮುಖದಲ್ಲೇ ಅರ್ಧ ನಗು ಇತ್ತು, ನಿಜ. ಇನ್ನರ್ಧ ಆ ಇಬ್ಬರ ಟೈಪ್‌ರೈಟರಿನಲ್ಲಿತ್ತು ಅನ್ನೋದು ನನ್ನ ಅನಿಸಿಕೆ. ಹ್ಯಾಂಕಾಕ್ ಅಭಿಮಾನಿಗಳು ಜಗಳಕ್ಕೆ ಬರಬಹುದು, ಬರಲಿ.